ಪಾದೋವಾದಲ್ಲಿ ಗೋಧಿಯಿಲ್ಲದ ಮೂರು ದಿನ

ಆಲ್ಮೆರೆ

ನೆದರ್ಲೆಂಡ್ಸ್‌ನ ಆಲ್ಮೆರೆಯಲ್ಲಿ ಕೂತು ನಾವು ಟಿಕೆಟ್ ತೆಗೆದದ್ದು ಜೂನ್‌ನಲ್ಲಿ, ಮಗಳ ರಕ್ತಪರೀಕ್ಷೆಯ ರಿಸಲ್ಟ್ ಬಂದದ್ದು ಆಗಸ್ಟ್‌ನಲ್ಲಿ. ಇವೆರಡು ಹಿಂದುಮುಂದಾಗಿದ್ದರೆ ನಾವು ಇಟಲಿಯ ಹೆಸರನ್ನೇ ಎತ್ತುತ್ತಿರಲಿಲ್ಲ.

ಇಂಚರಳಿಗೆ ಏಳು ವರ್ಷ. ಒಂದು ವರ್ಷದಿಂದ ಹೊಟ್ಟೆನೋವು ಅನ್ನುತ್ತಲೇ ಇದ್ದಳು. ಕ್ಲಾಸಿನ ಡಚ್ ಮಕ್ಕಳ ಪಕ್ಕ ನಿಂತರೆ ಅವರ ಭುಜಕ್ಕೂ ಬರುತ್ತಿರಲಿಲ್ಲ. ನಮ್ಮ ಮನೆತನವೇ ಗಿಡ್ಡ ಎಂದು ನಾನು ನಗಾಡುತ್ತಿದ್ದೆ. ಕೊನೆಗೆ ಆಸ್ಪತ್ರೆಯವರು ಹೇಳಿದ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿ, ರೈ ಇಂಥವುಗಳಲ್ಲಿರುವ ಅಂಟಿನಂಶ ಅವಳ ಕರುಳನ್ನು ಕೆಡಿಸುತ್ತದೆ. ಅದಕ್ಕೆ ಮಾತ್ರೆಯಿಲ್ಲ, ಇಂಜೆಕ್ಷನ್ ಇಲ್ಲ. ತಿನ್ನದೆ ಇರುವುದೇ ಔಷಧಿ, ಅದೂ ಜೀವಮಾನವಿಡೀ. ಒಂದು ಚೂರೂ ಆಗದು ಎಂದು ಡಯಟಿಷಿಯನ್ ಬೆರಳ ತುದಿ ತೋರಿಸಿ ಹೇಳಿದಳು.

ನನ್ನ ಹೆಂಡತಿ ಸೌಮ್ಯ ಮೈಸೂರಿನವಳು, ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅವಳಿಗೆ ಆ ಮಾತು ಮೊದಲ ಸಲಕ್ಕೇ ಅರ್ಥವಾಯಿತು. ಒಂದೇ ಭಾನುವಾರದಲ್ಲಿ ಚಪಾತಿ ಮಣೆ, ಲಟ್ಟಣಿಗೆ, ಟೋಸ್ಟರ್, ಹಳೆಯ ತವಾ ಎಲ್ಲ ಮನೆಯಿಂದ ಹೊರಗೆ ಹೋದವು. ನಾನು ಗದಗಿನವನು. ವಾರವೆಲ್ಲ ಜೋಳದ ರೊಟ್ಟಿ ತಿಂದು ಬೆಳೆದರೂ ನಮಗೆ ಹಬ್ಬ ಅಂದರೆ ಗೋಧಿ ಹುಗ್ಗಿ. ಫೋನಿನಲ್ಲಿ ಅವ್ವ, "ಒಂದ್ ತುತ್ತು ಉಂಡ್ರ ಏನಾಗ್ತೈತಿ? ಸ್ವಲ್ಪ ಸ್ವಲ್ಪ ಕೊಟ್ಟು ರೂಢಿ ಮಾಡ್ರಿ" ಅಂದಾಗ, "ಹಂಗೆಲ್ಲ ಆಗೂದಿಲ್ಲ ಅವ್ವ" ಎಂದು ಬಾಯಲ್ಲಿ ಹೇಳಿದೆ. ಒಳಗೊಳಗೆ ನನಗೂ ಹಾಗೆಯೇ ಅನ್ನಿಸುತ್ತಿತ್ತು. ಈ ಬರಹದಲ್ಲಿ ಮುಂದೆ ಆಗುವುದಕ್ಕೆಲ್ಲ ಈ ಅನ್ನಿಸಿಕೆಯೇ ಕಾರಣವಾದ್ದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಇಲ್ಲಿಯ ಶಾಲೆಗಳಲ್ಲಿ ಹುಟ್ಟುಹಬ್ಬದ ಮಗು ಕ್ಲಾಸಿಗೆಲ್ಲ ತಿಂಡಿ ಹಂಚುತ್ತದೆ. ಕ್ಲಾಸಿನಲ್ಲಿ ಇಪ್ಪತ್ತೈದು ಮಕ್ಕಳಿದ್ದರೆ ವರ್ಷಕ್ಕೆ ಅಷ್ಟು ಹಂಚಿಕೆ. ಟೀಚರ್ ಇಂಚರಳಿಗಾಗಿ ಕಪಾಟಿನಲ್ಲಿ ಒಂದು ಡಬ್ಬಿ ಇಟ್ಟರು. ಉಳಿದವರು ಕೇಕು ತಿನ್ನುವಾಗ ಇವಳು ಹೋಗಿ ತನ್ನ ಡಬ್ಬಿಯಿಂದ ಒಂದು ಚಾಕಲೇಟು ತಂದುಕೊಳ್ಳಬೇಕು. ಮೂರನೇ ಹುಟ್ಟುಹಬ್ಬದ ಹೊತ್ತಿಗೆ ಅವಳು ಡಬ್ಬಿಯ ಹತ್ತಿರ ಹೋಗುವುದನ್ನೇ ನಿಲ್ಲಿಸಿದ್ದಳು.

"ಟಿಕೆಟ್ ಕ್ಯಾನ್ಸಲ್ ಮಾಡೋಣ. ಇಟಲಿಗೆ ಹೋಗಿ ಮಗು ಏನು ತಿನ್ನಬೇಕು?" ಅಂದೆ.

"ಹೋಗೋಣ. ಇಲ್ಲಿ ಕೂತರೂ ಅದೇ ಪ್ರಪಂಚ ತಾನೇ" ಅಂದಳು ಸೌಮ್ಯ.

ಅಕ್ಟೋಬರ್‌ನ ಶಾಲಾ ರಜೆಯಲ್ಲಿ ಹೊರಟೆವು. ಒಂದು ಪೆಟ್ಟಿಗೆಯಲ್ಲಿ ಬಟ್ಟೆ, ಇನ್ನೊಂದರಲ್ಲಿ ಚುರುಮುರಿ, ಜೋಳದ ಹಿಟ್ಟು, ಇಲ್ಲಿಯ ಮಕ್ಕಳೆಲ್ಲ ಮೆಲ್ಲುವ ಗುಂಡಗಿನ ಅಕ್ಕಿ ಬಿಲ್ಲೆಗಳು, ಮತ್ತೆ ಒಂದು ಹೊಚ್ಚಹೊಸ ತವಾ.

ಒಂದೇ ಹಳಿಯ ಟ್ರಾಮ್

ವೆನಿಸ್ ವಿಮಾನ ನಿಲ್ದಾಣದಲ್ಲಿ ಇಳಿದವರೆಲ್ಲ ದೋಣಿಯ ಕಡೆ ಓಡಿದರು. ನಾವು ನಾಲ್ವರು ಮಾತ್ರ ಎದುರು ದಿಕ್ಕಿನ ಬಸ್ಸಿಗೆ ನಿಂತೆವು. ನನ್ನ ಆಫೀಸಿನಲ್ಲಿ ಆ ಕಡೆಯ ಒಬ್ಬನಿದ್ದಾನೆ. ವೆನಿಸ್ ನೋಡುವುದಕ್ಕೆ, ಪಾದೋವಾ ಇರುವುದಕ್ಕೆ ಎಂದು ಅವನು ಹೇಳಿದ್ದ. ನೀರಿನ ಊರು ಬೇಡವಾ ಎಂದು ನಾಲ್ಕು ವರ್ಷದ ಚಿನ್ಮಯನನ್ನು ಕೇಳಿದ್ದಕ್ಕೆ, "ನಮ್ಮನೆ ಹಿಂದೇನೇ ಇದೆಯಲ್ಲ ನೀರು" ಅಂದಿದ್ದ. ಆಲ್ಮೆರೆಯಲ್ಲಿ ಬೆಳೆದ ಮಗುವಿಗೆ ಕಾಲುವೆ ಯಾವ ಲೆಕ್ಕ!

ಆದರೆ ಪಾದೋವಾದ ಟ್ರಾಮ್ ನೋಡಿ ಅವನು ದಂಗಾದ. ಅದಕ್ಕೆ ರಬ್ಬರ್ ಚಕ್ರ, ನಡುವೆ ಒಂದೇ ಒಂದು ಹಳಿ. ರಸ್ತೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಹುಡುಕಿದ.

"ಅಪ್ಪ, ಇನ್ನೊಂದು ಹಳಿ ಯಾರು ತಗೊಂಡ್ಹೋದ್ರು?"

ಟ್ರಾಮ್ ಒಳಗೆ ಒಬ್ಬ ಮುದುಕ ಅವನ ಗಲ್ಲ ಹಿಂಡಿದ. ಪಕ್ಕದ ಹೆಂಗಸು ಇಂಚರಳ ಜಡೆ ಮುಟ್ಟಿ ಏನೋ ಹೊಗಳಿದಳು. ನೆದರ್ಲೆಂಡ್ಸ್‌ನಲ್ಲಿ ಹತ್ತು ವರ್ಷ ಪಕ್ಕದ ಮನೆಯಲ್ಲಿದ್ದರೂ ನಿಮ್ಮ ಮಗುವಿನ ಗಲ್ಲ ಯಾರೂ ಮುಟ್ಟುವುದಿಲ್ಲ. ದೂರದಿಂದ ಕೈ ಬೀಸುತ್ತಾರೆ, ಅದೇ ಪ್ರೀತಿ. ಇಲ್ಲಿ ಎರಡು ಸ್ಟಾಪು ದಾಟುವುದರೊಳಗೆ ಮಕ್ಕಳಿಬ್ಬರೂ ಊರಿನವರಾಗಿಬಿಟ್ಟಿದ್ದರು. ಇಳಿದ ಮೇಲೆ ಚಿನ್ಮಯ ಕೆನ್ನೆ ಒರೆಸಿಕೊಳ್ಳುತ್ತ ಡಚ್‌ನಲ್ಲಿ ಅಕ್ಕನನ್ನು ಕೇಳಿದ: "ಅದು ನಮ್ಮ ಅಜ್ಜನಾ?"

ಹಳೆಯ ಊರಿನಲ್ಲಿ ರಸ್ತೆಯ ಎರಡೂ ಬದಿಗೆ ಕಮಾನುಗಳ ಮೊಗಸಾಲೆ. ಮನೆಗಳ ಮೊದಲ ಮಹಡಿ ಮುಂದೆ ಚಾಚಿಕೊಂಡು ಕೆಳಗೆ ನಡೆಯುವವರಿಗೆ ನೆರಳು ಕೊಟ್ಟಿದೆ. ಮೈಲುಗಟ್ಟಲೆ ಹೀಗೇ ನಡೆಯಬಹುದು. ಹಿಂದಿನ ವಾರವಿಡೀ ಎದುರುಗಾಳಿಗೆ ಸೈಕಲ್ ತುಳಿದಿದ್ದ ನನಗೆ ಇದು ದೊಡ್ಡ ಸುಖ ಅನ್ನಿಸಿತು.

ಸಂಜೆ ಆರಕ್ಕೆ ಮಕ್ಕಳಿಗೆ ಹಸಿವು. ಡಚ್ ಹೊಟ್ಟೆಗಳು ಗಡಿಯಾರದ ಹಾಗೆ, ಆರು ಹೊಡೆದರೆ ತಟ್ಟೆ ಬೇಕು. ಪಾದೋವಾದಲ್ಲಿ ಆರಕ್ಕೆ ಒಂದು ಒಲೆಯೂ ಹೊತ್ತಿರಲಿಲ್ಲ. ಕೇಳಿದಲ್ಲೆಲ್ಲ ಏಳೂವರೆ ಎಂದು ಬೆರಳು ತೋರಿಸಿದರು. ಬಾಡಿಗೆ ಮನೆಗೆ ಮರಳಿ ಸೌಮ್ಯ ಹೊಸ ತವಾ ತೆಗೆದಳು. ಆ ಮನೆಯಲ್ಲಿದ್ದದ್ದು ಇಂಡಕ್ಷನ್ ಒಲೆ, ನಮ್ಮದು ಅಲ್ಯೂಮಿನಿಯಮ್ ತವಾ. ಎಷ್ಟು ಹೊತ್ತು ಇಟ್ಟರೂ ಬೆಣ್ಣೆಯೂ ಕರಗಲಿಲ್ಲ. ಕೊನೆಗೆ ಚುರುಮುರಿಗೆ ಟೊಮೆಟೊ, ಈರುಳ್ಳಿ, ನಿಂಬೆರಸ ಹಾಕಿ ದೊಡ್ಡ ಬೋಗುಣಿಯಲ್ಲಿ ಕಲಸಿ, ನಾಲ್ಕೂ ಜನ ನೆಲದ ಮೇಲೆ ಕೂತು ತಿಂದೆವು. ಇಟಲಿಯ ಮೊದಲ ಊಟ ಗಿರ್ಮಿಟ್ ಆಯಿತು ಎಂದು ನಾನು ನಕ್ಕೆ. ಇಂಚರಳೂ ನಕ್ಕಳು. ಎಲ್ಲರೂ ಒಂದೇ ಬೋಗುಣಿಯಲ್ಲಿ ತಿಂದದ್ದಕ್ಕೆ ಅವಳಿಗೆ ಆ ನಗು ಬಂದಿತ್ತು. ಅದು ಆಗ ನನಗೆ ಹೊಳೆಯಲಿಲ್ಲ.

ಸೊಪ್ಪಿನ ಚೌಕ, ಹಣ್ಣಿನ ಚೌಕ

ಊರ ನಡುವೆ ಒಂದು ಭಾರಿ ಹಳೆಯ ನ್ಯಾಯಮಂದಿರ. ಅದರ ಒಂದು ಮಗ್ಗುಲಿಗೆ ಸೊಪ್ಪಿನ ಚೌಕ, ಇನ್ನೊಂದಕ್ಕೆ ಹಣ್ಣಿನ ಚೌಕ. ನೂರಾರು ವರ್ಷದಿಂದ ಎರಡು ಕಡೆಯೂ ಸಂತೆ ನಡೆಯುತ್ತಲೇ ಇದೆ. ಮರುದಿನ ಬೆಳಿಗ್ಗೆ ಅಲ್ಲಿಗೆ ಹೋದೆವು.

ಸೌಮ್ಯ ಅಭ್ಯಾಸಬಲದಿಂದ ಟೊಮೆಟೊ ಹಿಚುಕಿ ನೋಡಿದಳು. ಅಂಗಡಿಯವಳು "ನೋ, ನೋ, ಸಿನ್ಯೋರಾ!" ಎಂದು ಕೂಗಿದಳು. ಇಲ್ಲಿ ಕೊಳ್ಳುವವರು ಮುಟ್ಟುವ ಹಾಗಿಲ್ಲ. ಯಾವಾಗ ತಿನ್ನುತ್ತೀರಿ ಎಂದು ಅಂಗಡಿಯವಳೇ ಕೇಳುತ್ತಾಳೆ. ಇವತ್ತು ಅಂದರೆ ಒಂದು ಹಣ್ಣು, ನಾಳಿದ್ದು ಅಂದರೆ ಬೇರೆ ಹಣ್ಣು ಆರಿಸಿ ಕೊಡುತ್ತಾಳೆ. ದೇವರಾಜ ಮಾರುಕಟ್ಟೆಯಲ್ಲಿ ಬದನೆಕಾಯಿ ತಟ್ಟಿ ತಟ್ಟಿ ಆರಿಸಿದ ಕೈ ಇವಳದು. ಪೆಚ್ಚಾಗಿ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಡೆದಳು. ಮುಂದಿನ ಅಂಗಡಿಯಲ್ಲಿ ಒಬ್ಬ ಮುದುಕ ಹೂಕೋಸಿನ ಹಾಗಿದ್ದ ಯಾವುದೋ ಮುಳ್ಳು ಮೊಗ್ಗನ್ನು ಸರಸರ ಕೆತ್ತಿ ತಳವನ್ನಷ್ಟೇ ನಿಂಬೆನೀರಿಗೆ ಹಾಕುತ್ತಿದ್ದ.

"ಕಪ್ಪಾಗದೇ ಇರೋಕೆ. ನಮ್ಮಲ್ಲಿ ಬಾಳೆಹೂವನ್ನ ಮಜ್ಜಿಗೆ ನೀರಿಗೆ ಹಾಕ್ತೀವಲ್ಲ, ಹಾಗೇ" ಎಂದು ಸೌಮ್ಯ ಮಕ್ಕಳಿಗೆ ಹೇಳಿ ಮತ್ತೆ ಗೆಲುವಾದಳು.

ಇಟಲಿಯಲ್ಲಿ ಗೋಧಿಯಿಲ್ಲದ ಬ್ರೆಡ್ಡು ಔಷಧಿ ಅಂಗಡಿಯಲ್ಲಿ ಸಿಗುತ್ತದೆಯೆಂದು ಅವಳು ಓದಿದ್ದಳು. ಮೂಲೆಯಲ್ಲಿ ಒಂದು ಕಂಡಿತು. "ಹತ್ತು ನಿಮಿಷ" ಎಂದು ಒಳಗೆ ಹೋದಳು. ಮಕ್ಕಳು ನನ್ನ ಕೈಯಲ್ಲಿ.

ಎದುರಿಗೇ ಐಸ್‌ಕ್ರೀಮ್ ಅಂಗಡಿ, ಹೊರಗೆ ಉದ್ದ ಸಾಲು. ಕೋನ್ ಬೇಡ, ಕಪ್ಪಿನಲ್ಲಿ ಕೊಡಿ ಎಂದು ಎರಡೆರಡು ಸಲ ಹೇಳಿದೆ. ಕಪ್ಪಿನಲ್ಲೇ ಕೊಟ್ಟ. ಇಂಚರಳದು ನಿಂಬೆ, ಚಿನ್ಮಯನದು ಚಾಕಲೇಟು. ಆದರೆ ಕೈಗೆ ಕೊಡುವ ಮುಂಚೆ ಅಭ್ಯಾಸದಂತೆ ಎರಡರ ನೆತ್ತಿಗೂ ಬೀಸಣಿಗೆಯ ಆಕಾರದ ಒಂದೊಂದು ವೇಫರ್ ಬಿಸ್ಕತ್ತು ಚುಚ್ಚಿಬಿಟ್ಟ.

ಬೇರೆ ಕಪ್ಪು ಕೊಡು ಅನ್ನಬೇಕಿತ್ತು. ಹಿಂದೆ ಹದಿನೈದು ಜನ ನಿಂತಿದ್ದರು. ನಾನು ಇಂಚರಳ ಕಪ್ಪಿನಿಂದ ಬಿಸ್ಕತ್ತು ಕಿತ್ತು ಚಿನ್ಮಯನಿಗೆ ಕೊಟ್ಟೆ. ನಿಂಬೆಯ ಬಿಳುಪಿನ ಮೇಲೆ ನಾಲ್ಕಾರು ಪುಡಿ ಕಂಡವು. ಚಮಚದಿಂದ ಕೆರೆದು ಚೆಲ್ಲಿದೆ.

"ತಿನ್ನವಾ, ಏನೂ ಆಗೂದಿಲ್ಲ" ಅಂದೆ.

ಅವಳು ಕಪ್ಪು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ತಿಂದಳು. ಸೌಮ್ಯ ಬ್ರೆಡ್ಡಿನ ಚೀಲ ಎತ್ತಿ ತೋರಿಸುತ್ತ ಬರುವ ಹೊತ್ತಿಗೆ ಕಪ್ಪುಗಳು ಕಸದ ಬುಟ್ಟಿಯಲ್ಲಿದ್ದವು.

ಮರದ ಕುದುರೆ

ನ್ಯಾಯಮಂದಿರದ ಮಹಡಿಯೆಂದರೆ ಒಂದೇ ಒಂದು ಹಾಲ್, ನಡುವೆ ಕಂಬವಿಲ್ಲ. ಮಾಡು ಬೋರಲು ಹಾಕಿದ ಹಡಗಿನಂತಿದೆ. ಸುತ್ತ ಗೋಡೆಯ ತುಂಬ ರಾಶಿಚಕ್ರ, ಗ್ರಹಗಳು, ತಿಂಗಳು ತಿಂಗಳ ಕಸುಬುಗಳ ಚಿತ್ರ. ನ್ಯಾಯ ಹೇಳುವವರು ತಲೆಯ ಮೇಲೆ ಪಂಚಾಂಗ ಬರೆಸಿಕೊಂಡಿದ್ದರು. ಒಂದು ತುದಿಯಲ್ಲಿ ಆನೆಗಿಂತ ಎತ್ತರದ ಮರದ ಕುದುರೆ ನಿಂತಿದೆ, ಯಾವುದೋ ಹಳೆಯ ಉತ್ಸವಕ್ಕೆ ಮಾಡಿಸಿದ್ದಂತೆ. ಅದರ ಗೊರಸೇ ಚಿನ್ಮಯನ ಸೊಂಟಕ್ಕೆ ಬರುತ್ತಿತ್ತು.

"ಇದಕ್ಕೆ ಊಟಕ್ಕೆ ಏನ್ ಹಾಕ್ತಾರೆ?" ಅಂತ ಅವನು ಕೇಳಿದ. ನಾನು ಹುಲ್ಲು, ಹುರುಳಿ ಎಂದೇನೋ ಹೇಳುತ್ತಿದ್ದೆ. ಹಿಂದಿನಿಂದ ಇಂಚರ, "ಅಮ್ಮ" ಅಂದಳು.

ತಿರುಗಿ ನೋಡಿದರೆ ಅವಳ ತುಟಿ ಬೆಳ್ಳಗಾಗಿತ್ತು. ಎರಡು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದಳು. ಸೌಮ್ಯ ಓಡಿ ಅವಳನ್ನು ಹಿಡಿಯುವುದರೊಳಗೆ ವಾಂತಿಯಾಯಿತು. ಮತ್ತೆ ಆಯಿತು. ಕಾವಲಿಗಿದ್ದ ಹೆಂಗಸು ಓಡಿ ಬಂದಳು. ನೆಲ ಗಲೀಜಾದದ್ದಕ್ಕೆ ಬೈಯುತ್ತಾಳೆಂದುಕೊಂಡರೆ, ತಾನು ಕೂತಿದ್ದ ಕುರ್ಚಿಯನ್ನೇ ತಂದು ಮಗುವನ್ನು ಕೂರಿಸಿ, ನೀರು ಕೊಟ್ಟು, ಕುತ್ತಿಗೆಗೆ ಒದ್ದೆ ಕರವಸ್ತ್ರ ಇಟ್ಟಳು.

"ಏನು ಕೊಟ್ಟೆ?" ಸೌಮ್ಯ ನನ್ನನ್ನು ಕೇಳಿದಳು.

"ಏನಿಲ್ಲ, ಬರೀ ಐಸ್‌ಕ್ರೀಮು. ಕಪ್ಪಲ್ಲೇ ಕೊಡಿಸಿದ್ದು" ಅಂದೆ.

ಅದು ಸುಳ್ಳಲ್ಲ, ನಿಜವೂ ಅಲ್ಲ. ಇಂಚರ ತಲೆ ಎತ್ತಿ ನನ್ನನ್ನು ನೋಡಿದಳು.

ಮಧ್ಯಾಹ್ನವಿಡೀ ಅವಳು ಮುದುಡಿ ಮಲಗಿದಳು. ನಾಲ್ಕರ ಬಿಸಿಲು ಕಿಟಕಿಯಿಂದ ಹಾಸಿಗೆಗೆ ಬಿದ್ದಿತ್ತು. ಸೌಮ್ಯ ಪಕ್ಕದ ಕೋಣೆಯಲ್ಲಿ ಚಿನ್ಮಯನಿಗೆ ಊಟ ಮಾಡಿಸುತ್ತಿದ್ದಳು. ನಾನು ಇಂಚರಳ ಕಾಲು ಒತ್ತುತ್ತ ಕೂತಿದ್ದೆ. ಕಣ್ಣು ಮುಚ್ಚಿಯೇ ಅವಳು ಹೇಳಿದಳು:

"ಅಪ್ಪ, ನಾನು ನೋಡಿದೆ. ಬಿಸ್ಕತ್ತಿನ ಪುಡಿ ಇನ್ನೂ ಇತ್ತು."

"ಮತ್ತ ಯಾಕ ತಿಂದಿ, ಪುಟ್ಟ?"

"ನೀನೇ ಕೊಟ್ಟೆಯಲ್ಲ."

ಅಷ್ಟು ಹೇಳಿ ಗೋಡೆಯ ಕಡೆ ಹೊರಳಿದಳು. ನಾನು ಎದ್ದುಹೋಗಿ ಸೌಮ್ಯಳಿಗೆ ಎಲ್ಲವನ್ನೂ ಹೇಳಿದೆ. ಬಿಸ್ಕತ್ತು, ಪುಡಿ, ಸಾಲಿನಲ್ಲಿ ನಿಂತಿದ್ದ ಜನ, ಕುದುರೆಯ ಮುಂದೆ ನಾನು ಹೇಳಿದ ಮಾತು.

ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಮಡಿಸುವುದನ್ನು ನಿಲ್ಲಿಸಲಿಲ್ಲ.

"ನೀನು ಮರೆತಿದ್ದರೆ ನಾನು ಏನೂ ಅಂತಿರಲಿಲ್ಲ" ಅಂದಳು. "ನೀನು ಮರೆತಿರಲಿಲ್ಲ."

ಸಂತನ ನಾಲಿಗೆ

ಆ ದಿನದಿಂದ ಇಂಚರ ನನ್ನ ಕೈಯಿಂದ ಏನೂ ತಿನ್ನಲಿಲ್ಲ. ಸಿಟ್ಟೇನೂ ತೋರಿಸಲಿಲ್ಲ. ನಡೆಯುವಾಗ ಬೆರಳು ಹಿಡಿದುಕೊಂಡಳು, ಕತೆ ಕೇಳಿದಳು. ಆದರೆ ನಾನು ಅಕ್ಕಿ ಬಿಲ್ಲೆಯ ಪೊಟ್ಟಣ ಒಡೆದು ಕೊಟ್ಟರೆ, "ಬೇಡ, ಹಸಿವಿಲ್ಲ" ಅನ್ನುವಳು. ಸ್ವಲ್ಪ ಹೊತ್ತಿಗೆ ಅಮ್ಮನ ಚೀಲದಿಂದ ಬಾಳೆಹಣ್ಣು ತೆಗೆದು ತಾನೇ ಸುಲಿದುಕೊಳ್ಳುವಳು. ಸಿಪ್ಪೆಯೊಳಗಿರುವುದನ್ನು ಯಾರೂ ಮುಟ್ಟಿರುವುದಿಲ್ಲ ಎಂದು ಅವಳೇ ಲೆಕ್ಕ ಹಾಕಿದ್ದಳು. ಔಷಧಿ ಅಂಗಡಿಯ ಬ್ರೆಡ್ಡನ್ನೂ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಊರಿನ ದೊಡ್ಡ ಚರ್ಚು ಬಸಿಲಿಕಕ್ಕೆ ಹೋದೆವು. ಇಲ್ಲಿಯವರು ತಮ್ಮ ಸಂತನ ಹೆಸರು ಹೇಳುವುದಿಲ್ಲ, ಬರೀ 'ಸಂತ' ಅನ್ನುತ್ತಾರೆ. ಶಿರಹಟ್ಟಿಯ ಕಡೆ 'ಅಜ್ಜಾರು' ಅಂದರೆ ಯಾರೆಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆ. ಸಂತ ದೊಡ್ಡ ಮಾತುಗಾರನಂತೆ. ಅದಕ್ಕೇ ಅವನ ನಾಲಿಗೆಯನ್ನು ಚಿನ್ನದ ಕುಸುರಿ ಪಾತ್ರೆಯಲ್ಲಿ ಇಂದಿಗೂ ಇಟ್ಟಿದ್ದಾರೆ. ಜನ ಸಾಲಾಗಿ ಅದರ ಮುಂದೆ ಹಾದುಹೋಗುತ್ತಾರೆ.

"ರಿಯಲ್ ನಾಲಿಗೆನಾ?" ಚಿನ್ಮಯ ಕೇಳಿದ.

"ಹೂಂ."

"ಹಾಗಾದ್ರೆ ಈಗ ಅವರು ಐಸ್‌ಕ್ರೀಮ್ ಹೇಗೆ ತಿಂತಾರೆ?"

ಐಸ್‌ಕ್ರೀಮ್ ಎಂಬ ಮಾತಿಗೆ ಸೌಮ್ಯ ಅವನ ಕೈ ಹಿಡಿದು ಸಾಲಿನಲ್ಲಿ ಮುಂದೆ ನಡೆದಳು.

ಸಂತನ ಗೋರಿ ಪಕ್ಕದ ಮಂಟಪದಲ್ಲಿದೆ. ಅದರ ಹಿಂಬದಿಯ ಕಲ್ಲಿಗೆ ಅಂಗೈ ಒತ್ತಿ ಜನ ನಿಲ್ಲುತ್ತಾರೆ. ಗದ್ದುಗೆಗೆ ಹಣೆ ಹಚ್ಚುವ ನಮ್ಮವರ ಹಾಗೇ, ಅವಸರವಿಲ್ಲದೆ. ಸುತ್ತ ನೂರಾರು ಫೋಟೋ ಸಿಕ್ಕಿಸಿದ್ದಾರೆ. ಆಸ್ಪತ್ರೆಯ ಹಾಸಿಗೆಯ ಮೇಲಿನ ಮಕ್ಕಳು, ಹೊಸದಾಗಿ ಹುಟ್ಟಿದ ಮಕ್ಕಳು, ಸೈಕಲ್ ಮೇಲೆ ನಗುವ ಮಕ್ಕಳು. ಸೌಮ್ಯ ದೇವರು ದಿಂಡರು ಅನ್ನುವವಳಲ್ಲ. ಅವಳೂ ಹೋಗಿ ಆ ಕಲ್ಲಿಗೆ ಅಂಗೈ ಇಟ್ಟಳು. ತುಂಬ ಹೊತ್ತು ನಿಂತಳು. ಅವಳ ಬೆನ್ನು ನೋಡುತ್ತ ನನಗೆ, ಎರಡು ತಿಂಗಳಿಂದ ಈ ಭಾರವನ್ನು ಇವಳೊಬ್ಬಳೇ ಹೊರುತ್ತಿದ್ದಳು ಎಂದು ಮೊದಲ ಸಲ ಅನ್ನಿಸಿತು. ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳನ್ನು ನಾನು ಒಂದು ದಿನವೂ ಓದಿರಲಿಲ್ಲ.

ಹೊರಗೆ ಬಂದ ಮೇಲೆ ಅವಳ ಕೈಯಿಂದ ಚೀಲ ಈಸಿಕೊಂಡೆ. ಅವಳು ಕೊಟ್ಟಳು. ಆ ದಿನ ಅಷ್ಟೇ ನಮ್ಮ ಮಾತುಕತೆ.

ಮರೀಸಾಳ ಒಲೆ

ಬಂದಿಳಿದ ಸಂಜೆಯನ್ನು ಬಿಟ್ಟರೆ ಮೂರನೆಯ ದಿನ, ಸಣ್ಣ ಮಳೆ. ಮಾರನೆಯ ಬೆಳಿಗ್ಗೆ ವಿಮಾನ. ಮೊಗಸಾಲೆಗಳ ಅಡಿಯಲ್ಲೇ ಸುತ್ತುತ್ತ ಹನ್ನೆರಡರ ಹೊತ್ತಿಗೆ ವಿಶ್ವವಿದ್ಯಾಲಯದ ಹಿಂದಿನ ಒಂದು ಓಣಿಗೆ ಬಂದೆವು. ಚಿನ್ಮಯ ಹಸಿವೆಂದು ಅಳುತ್ತಿದ್ದ. ಒಂದು ಸಣ್ಣ ಊಟದ ಮನೆಯ ಮುಂದೆ ನಿಂತು ಒಳಗೆ ಹೋಗೋಣ ಎಂದ. ಇಂಚರ ಹೊಸ್ತಿಲ ಹತ್ತಿರವೇ ಗಟ್ಟಿಯಾಗಿ ನಿಂತಳು.

"ನಾನು ತಿನ್ನಲ್ಲ!" ಡಚ್‌ನಲ್ಲಿ ಕೂಗಿದಳು. ಸಿಟ್ಟು ಬಂದರೆ ಅವಳಿಗೆ ಬರುವುದು ಆ ಭಾಷೆಯೇ.

ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಒಬ್ಬ ಹೆಂಗಸು ಅಲಸಂದೆಯಂಥ ಕಾಯಿ ಬಿಡಿಸುತ್ತಿದ್ದಳು. ಎಪ್ಪತ್ತರ ಹತ್ತಿರದ ವಯಸ್ಸು, ದಪ್ಪ ಕನ್ನಡಕ. ತಲೆಯೆತ್ತಿ, ಅದೇ ಡಚ್‌ನಲ್ಲಿ ಕೇಳಿದಳು:

"ಯಾಕೆ ತಿನ್ನಲ್ಲ, ಮಗೂ?"

ನಾವು ನಾಲ್ವರೂ ಬೆಚ್ಚಿಬಿದ್ದೆವು. ಅವಳ ಹೆಸರು ಮರೀಸಾ. ಅವಳ ತವರು ಉತ್ತರದ ಬೆಟ್ಟಗಳ ಕಡೆಯ ಹಳ್ಳಿ. ಆ ಹಳ್ಳಿಗಳವರು ವಸಂತ ಬಂದರೆ ನೆದರ್ಲೆಂಡ್ಸ್‌ಗೆ ಹೋಗಿ ಐಸ್‌ಕ್ರೀಮ್ ಅಂಗಡಿ ತೆರೆದು, ಚಳಿ ಶುರುವಾದರೆ ಬಾಗಿಲು ಹಾಕಿ ಊರಿಗೆ ಮರಳುತ್ತಿದ್ದರಂತೆ. ಇವಳು ಇಪ್ಪತ್ತೆರಡು ಬೇಸಿಗೆ ಡಚ್ಚರಿಗೆ ಐಸ್‌ಕ್ರೀಮ್ ಮಾರಿದ್ದಳು. ಅವಳ ಡಚ್ ನನ್ನ ಡಚ್ಚಿಗಿಂತ ಎಷ್ಟೋ ಮೇಲು. ನನ್ನದು ಮುನಿಸಿಪಾಲಿಟಿಯ ಫಾರ್ಮು ತುಂಬುವಷ್ಟು ಮಾತ್ರ.

ಇಂಚರ ಅವಳ ಮುಂದೆ ನಿಂತು ಎಲ್ಲ ಹೇಳಿದಳು. ನನಗೆ ಸೀಲಿಯಾಕ್ ಇದೆ. ಬ್ರೆಡ್ಡು ತಿನ್ನಲ್ಲ, ಪಾಸ್ತಾ ತಿನ್ನಲ್ಲ. ಅಪ್ಪ ಬಿಸ್ಕತ್ತು ಕಿತ್ತು ಐಸ್‌ಕ್ರೀಮ್ ಕೊಟ್ಟ. ಅಲ್ಲಿ ಕುದುರೆ ಹತ್ತಿರ ನನಗೆ ವಾಂತಿ ಆಯ್ತು. ಎಲ್ಲರೂ ನೋಡಿದರು.

ಮರೀಸಾ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಇಟಾಲಿಯನ್ನಿನಲ್ಲಿ ಒಂದು ಮಾತು ಹೇಳಿದಳು. ಅದು ನನಗೆ ತಿಳಿಯಲಿಲ್ಲ. ತಿಳಿಯದಿದ್ದುದೇ ಒಳ್ಳೆಯದಾಯಿತು. ಆಮೇಲೆ ಕಾಯಿಯ ಬುಟ್ಟಿ ಕೆಳಗಿಟ್ಟು, ಏಪ್ರನ್ ಕೊಡವಿ, ಇಂಚರಳಿಗೆ ಕೈ ಚಾಚಿದಳು.

"ಬಾ, ನನ್ನ ಅಡಿಗೆಮನೆ ನೀನೇ ನೋಡು. ನೋಡಿ ಹೇಳು, ತಿಂತೀಯೋ ಇಲ್ಲವೋ ಅಂತ."

ನಾನೂ ಹಿಂದೆ ಹೋದೆ. ಮೂಲೆಯ ಒಲೆಯ ಮೇಲೆ ದೊಡ್ಡ ತಾಮ್ರದ ಹಂಡೆ, ಅದರಲ್ಲಿ ಹಳದಿ ಗಂಜಿ ಪುಸಪುಸ ಉಸಿರಾಡುತ್ತಿತ್ತು. ಮರೀಸಾ ಉದ್ದನೆಯ ಮರದ ಕೋಲಿನಿಂದ ಅದನ್ನು ತಿರುವಿದಳು. ಇದು ಪೊಲೆಂತಾ, ಮೆಕ್ಕೆಜೋಳದ ಹಿಟ್ಟು, ನೀರು, ಉಪ್ಪು, ಇನ್ನೇನಿಲ್ಲ ಅಂದಳು. ಬಾಗಿಲಲ್ಲಿ ನಿಂತಿದ್ದ ಸೌಮ್ಯ, "ಮುದ್ದೆ ತಿರುವೋ ಹಾಗೇ ಇದೆ" ಅಂದಳು. "ಸಂಗಟಿ" ಎಂದೆ ನಾನು. ಎರಡು ದಿನದಲ್ಲಿ ನಾವಿಬ್ಬರೂ ಒಂದೇ ವಿಷಯಕ್ಕೆ ಬಾಯಿ ತೆರೆದದ್ದು ಅದೇ ಮೊದಲು.

ಇಂಚರ ಆಗಲೇ ವಿಚಾರಣೆ ಶುರು ಮಾಡಿದ್ದಳು.

"ಈ ಕೋಲು ಪಾಸ್ತಾಕ್ಕೂ ಹಾಕ್ತೀರಾ?"

"ಇಲ್ಲ. ಇದು ಇದಕ್ಕೇ."

"ಗೋಧಿ ಹಿಟ್ಟು ಎಲ್ಲಿದೆ?"

"ಆ ಗೋಡೆಯ ಆಚೆ. ಪಾಸ್ತಾ ಅಲ್ಲೇ ಮಾಡೋದು. ಗಾಳಿಯಲ್ಲಿ ಹಾರಿ ಬರಬಾರದು ಅಂತ."

"ಆ ಅಣಬೆ?"

ಪಕ್ಕದ ಬಾಣಲೆಯಲ್ಲಿ ಅಣಬೆ ಬೇಯುತ್ತಿತ್ತು. ಘಮಘಮ ವಾಸನೆ. ಮರೀಸಾ ಬಾಣಲೆ ನೋಡಿದಳು, ಒಂದು ಗಳಿಗೆ ಯೋಚಿಸಿದಳು. ತಲೆ ಅಲ್ಲಾಡಿಸಿದಳು.

"ಇದು ನಿನಗಲ್ಲ. ಬೆಳಿಗ್ಗೆ ಇದೇ ಬಾಣಲೆಯಲ್ಲಿ ಹಿಟ್ಟು ಸವರಿದ ಬದನೆಕಾಯಿ ಕರಿದಿದ್ದೆ. ತೊಳೆದಿದ್ದೀನಿ, ಆದರೂ ಬೇಡ. ನಿನಗೆ ಬೇರೆ ಬಾಣಲೆಯಲ್ಲಿ ಮಾಡ್ತೀನಿ. ಇಪ್ಪತ್ತು ನಿಮಿಷ ಆಗುತ್ತೆ. ಕಾಯ್ತೀಯಾ?"

ಇಂಚರಳ ಮುಖ ಆಗ ನೋಡಬೇಕಿತ್ತು. ಬಿಗಿಹಿಡಿದಿದ್ದ ಭುಜಗಳು ಇಳಿದವು. ಎರಡು ತಿಂಗಳಿಂದ ಜನ ಅವಳಿಗೆ 'ಪರವಾಗಿಲ್ಲ, ತಿನ್ನು' ಎಂದೋ 'ಇಲ್ಲಿ ನಿನಗೇನೂ ಇಲ್ಲ' ಎಂದೋ ಹೇಳಿದ್ದರು. ಬಾಯಿಗೆ ಬರುವ ಮುಂಚೆಯೇ ನಿಲ್ಲಿಸಿ, ಇದು ಬೇಡ, ಇದರ ಬದಲು ಅದು ಮಾಡಿಕೊಡುತ್ತೇನೆ ಎಂದವರು ಯಾರೂ ಇರಲಿಲ್ಲ. ನಾನಂತೂ ಅಂಥವನಾಗಿರಲಿಲ್ಲ.

"ಕಾಯ್ತೀನಿ" ಅಂದಳು.

ಅಡಿಗೆಮನೆಯಿಂದ ಬಂದು ಮೇಜಿನ ಬಳಿ ಕೂತಾಗ ನಾನು ಅವಳ ಮುಂದೆ ಬಗ್ಗಿದೆ. "ಇಂಚು, ನನ್ನದು ತಪ್ಪಾತು. ಪುಡಿ ಇದ್ದದ್ದು ನನಗೂ ಕಂಡಿತ್ತು. ಏನೂ ಆಗೂದಿಲ್ಲ ಅಂದುಕೊಂಡೆ."

ಅವಳು ಉಪ್ಪಿನ ಡಬ್ಬಿ ತಿರುಗಿಸುತ್ತ ಯೋಚಿಸಿದಳು.

"ಇನ್ಮೇಲೆ ನೀನು ಅಂದ್ಕೋಬೇಡ, ಕೇಳು" ಅಂದಳು. "ನಾನೂ ಕೇಳ್ತೀನಿ."

"ಆತು" ಅಂದೆ.

ಮರೀಸಾ ಪೊಲೆಂತಾವನ್ನು ದುಂಡನೆಯ ಮರದ ಹಲಗೆಯ ಮೇಲೆ ಸುರಿದು ತಂದಳು. ಅದು ನೋಡನೋಡುತ್ತ ಗಟ್ಟಿಯಾಗಿ ಹುಣ್ಣಿಮೆಯ ಚಂದ್ರನಂತೆ ಕೂತಿತು. ಕುಯ್ಯುವುದಕ್ಕೆ ಚಾಕು ಬಳಸುವುದಿಲ್ಲ. ಬಿಳಿ ದಾರವೊಂದನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು, ಅಡಿಯಿಂದ ತೂರಿಸಿ ಮೇಲಕ್ಕೆಳೆದರೆ ನುಣ್ಣನೆಯ ಹೋಳು ಬೀಳುತ್ತದೆ. ಮೊದಲ ಹೋಳನ್ನು ಅವಳು ಕುಯ್ದು, ದಾರವನ್ನು ಇಂಚರಳ ಕೈಗೆ ಕೊಟ್ಟಳು. ಅದರ ಮೇಲೆ ಬೇರೆ ಬಾಣಲೆಯ ಅಣಬೆ, ಕರಗುವ ಚೀಸು. ನಮ್ಮ ಮೂವರಿಗೆ ಬೆಣ್ಣೆ ಹಾಕಿದ ಪಾಸ್ತಾ.

ಇಂಚರ ಮೊದಲ ತುತ್ತು ತಿಂದಳು. ಎರಡನೆಯದು, ಮೂರನೆಯದು. ಆಮೇಲೆ ಎಣಿಸುವುದನ್ನು ಬಿಟ್ಟೆ. ಸೌಮ್ಯ ತನ್ನ ತಟ್ಟೆ ಮುಟ್ಟದೆ ಅವಳನ್ನೇ ನೋಡುತ್ತಿದ್ದಳು.

ಚಿನ್ಮಯ ತನ್ನ ಪಾಸ್ತಾವನ್ನು ಪಕ್ಕಕ್ಕೆ ತಳ್ಳಿದ. "ನಂಗೆ ಅಕ್ಕಂದು ಬೇಕು."

ಇಂಚರ ತಟ್ಟೆಯನ್ನು ಸ್ವಲ್ಪ ತನ್ನ ಕಡೆ ಎಳೆದುಕೊಂಡಳು. ತಮ್ಮನ ಮುಖ ನೋಡಿದಳು. ಆಮೇಲೆ ಹಲಗೆಯ ಮೇಲೆ ದಾರ ಬಿಗಿಹಿಡಿದು, ನಾಲಿಗೆ ಕಚ್ಚಿಕೊಂಡು ಒಂದು ಹೋಳು ಕುಯ್ದು ಅವನಿಗೆ ಕೊಟ್ಟಳು.

"ತಿನ್ನು. ನಿನಗೇನೂ ಆಗಲ್ಲ."

ಎಷ್ಟು ಸಹಜವಾಗಿ ಹೇಳಿದಳೆಂದರೆ ಸೌಮ್ಯ ಕಿಟಕಿಯ ಕಡೆ ಮುಖ ತಿರುಗಿಸಬೇಕಾಯಿತು.

ನಾನೂ ರುಚಿ ನೋಡೋಣವೆಂದು ಹಲಗೆಯ ಕಡೆ ಫೋರ್ಕು ಚಾಚಿದೆ. ಇಂಚರಳ ಸಣ್ಣ ಕೈ ನನ್ನ ಮಣಿಕಟ್ಟು ಹಿಡಿಯಿತು.

"ಅಪ್ಪ, ಆ ಫೋರ್ಕು ಪಾಸ್ತಾ ಮುಟ್ಟಿದೆ."

ಫೋರ್ಕನ್ನು ನನ್ನ ತಟ್ಟೆಯಲ್ಲೇ ಇಟ್ಟೆ. ಎದ್ದು ಅಡಿಗೆಮನೆಯ ಬಾಗಿಲಿಗೆ ಹೋಗಿ, ನನಗೆ ಬರುವ ಡಚ್‌ನಲ್ಲಿ ಮರೀಸಾಳಿಂದ ಒಂದು ತೊಳೆದ ಫೋರ್ಕು ಕೇಳಿದೆ. ಪಾಸ್ತಾ ಪಾತ್ರೆಗಳ ಜೊತೆ ತೊಳೆದದ್ದೇ ಎಂದೂ ಕೇಳಿದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ, ಡ್ರಾಯರಿನಿಂದ ಬೇರೆಯದನ್ನೇ ತೆಗೆದು ಕೊಟ್ಟಳು.

ಮೇಜಿಗೆ ಮರಳಿದಾಗ ನನ್ನ ಪಾಸ್ತಾ ತಟ್ಟೆಯನ್ನು ಇಂಚರ ಮೇಜಿನ ಆ ತುದಿಗೆ ಸರಿಸಿದ್ದಳು. ನನ್ನ ಜಾಗದಲ್ಲಿ ಖಾಲಿ ತಟ್ಟೆ, ಅದರಲ್ಲಿ ಸೊಟ್ಟ ಅಂಚಿನ ಒಂದು ಹಳದಿ ಹೋಳು ಹಬೆಯಾಡುತ್ತಿತ್ತು.